ಎರಡು ನಿಮಿಷದ ನೀಲಿ ಹೊಗೆ

ಕಂತು ಹನ್ನೊಂದು

ಸೋಪು ನೀರಿನ ಬಕೆಟ್ಟಿನಲ್ಲಿ ಮೊಣಕೈವರೆಗೆ ಕೈಯಿಟ್ಟುಕೊಂಡು ನೀಲಾಂಬಿಕಾ ಹೊಗೆ ಅಳೆಯುವ ಕೊಳವೆಯ ಮಸಿ ತಿಕ್ಕುತ್ತಿದ್ದಳು. ಹಳೆಯ ಹಲ್ಲುಜ್ಜುವ ಬ್ರಷ್ಷು, ಅದರ ಬಾಲಕ್ಕೆ ಬಿಗಿದ ತಂತಿ, ಅಷ್ಟೇ ಸಲಕರಣೆ. ಪ್ರತಿ ಶನಿವಾರ ಹೊಗೆ ಪರೀಕ್ಷೆಯ ಬೂತು ತೆರೆಯುವ ಮೊದಲು ಮಾಡುವ ಕೆಲಸ. ಒಂದು ವಾರ ಪೀಣ್ಯದ ರಸ್ತೆಯಲ್ಲಿ ಓಡಿದ ಗಾಡಿಗಳೆಲ್ಲ ತಮ್ಮ ಹೊಟ್ಟೆಯದನ್ನು ಆ ಕೊಳವೆಯಲ್ಲಿ ಬಿಟ್ಟು ಹೋಗಿರುತ್ತಿದ್ದವು.

ಸ್ಟೂಲಿನ ಮೇಲಿದ್ದ ಮೊಬೈಲು ಗುರುಗುಟ್ಟಿತು. ಮೊಣಕೈಯಿಂದಲೇ ಒತ್ತಿದಳು.

"ನೀಲವ್ವ, ಕೆಂಪು ಗಾಡಿ ನನ್ ಶೆಡ್ಗೆ ಬಂದೈತೆ." ಇಂಜಿನ್ ರಿಪೇರಿಯ ವೆಂಕಟರಮಣಪ್ಪನ ದನಿ.

"ಯಾವ ಕೆಂಪು ಗಾಡಿ?"

"ಇನ್ಯಾವ್ದು. ನಲ್ಲಪ್ಪನ್ನ ಒಡೆದಿದ್ದು."

ಬ್ರಷ್ಷು ನೀರಿಗೆ ಬಿತ್ತು.

"ಬಾಂಡ್ ಬರೆಸ್ಕೊಂಡು ಪೊಲೀಸ್ನೋರು ಮುನಿಕೃಷ್ಣಂಗೆ ಗಾಡಿ ಬಿಟ್ಕೊಟ್ಟವ್ರೆ. ನಿನ್ನೆ ಸಂಜೆ ತಂದು ನಿಲ್ಸಿ ಓದ. ಇವತ್ತು ಮದ್ಯಾನದೊಳಗೆ ಇಂಜಿನ್ ಬಿಚ್ಬೇಕಂತೆ. ರಿಂಗು, ಸೀಲು, ಪಿಸ್ಟನ್ನು, ಎಲ್ಲಾ ಒಸದು ಆಕ್ಬೇಕಂತೆ. ಅಳೇದು ಒಂದೂ ಉಳೀಬಾರ್ದಂತೆ."

"ಅಷ್ಟು ಅರ್ಜೆಂಟು ಯಾಕಂತೆ?"

"ಅದ್ನೇ ನಾನೂ ಕೇಳ್ತಿರೋದು. ನಾನಿನ್ನೂ ಕೀ ತಿರುಗ್ಸಿಲ್ಲ. ನಿನ್ನೆಯಿಂದ ತಣ್ಣಗೆ ನಿಂತೈತೆ. ತಣ್ಣಗಿದ್ದ ಇಂಜಿನ್ನಿನ ಮೊದಲ್ನೇ ಒಗೆ ಒಂದೇ ಸಲ ಸಿಗೋದು. ಒಗೆ ನೋಡೋದು ನಿನ್ ಕಸುಬು. ಬರ್ತೀಯಾ?"

ಅವಳು ಬೂತಿಗೆ ಬೀಗ ಹಾಕಿದಳು.

ಮೂರು ತಿಂಗಳ ಹಿಂದೆ ಒಂದು ಮಂಗಳವಾರ ಬೆಳಿಗ್ಗೆ ಆರೂ ಕಾಲಿಗೆ, ಮುನಿಕೃಷ್ಣನ ಫ್ಯಾಬ್ರಿಕೇಷನ್ ಯಾರ್ಡಿನ ವಾಚ್‌ಮನ್ ನಲ್ಲಪ್ಪ ಸರ್ವಿಸ್ ರಸ್ತೆಯಲ್ಲಿ ಮಾಲೀಕನದೇ ಆ ಕೆಂಪು ಕಾರಿಗೆ ಸಿಕ್ಕಿ ಸತ್ತಿದ್ದ. ಕಾರಿನ ಡ್ರೈವರ್, ಕೊಪ್ಪಳದ ಕಡೆಯ ಬಸಲಿಂಗ, ಅಂದಿನಿಂದ ಜೈಲಿನಲ್ಲಿದ್ದ. ಕಾರು ಯಾರ್ಡಿನಲ್ಲೇ ಇತ್ತು, ಕೀ ಸಾಹೇಬರ ಹತ್ತಿರವಿತ್ತು ಎಂದು ಬಸಲಿಂಗ ಹೇಳುತ್ತಿದ್ದ. ಸೋಮವಾರ ಸಂಜೆಯೇ ಬಸಲಿಂಗ ಹೊಗೆ ಪರೀಕ್ಷೆ ಮಾಡಿಸಿಕೊಂಡು ಕಾರನ್ನು ಲಗ್ಗೆರೆಯ ತನ್ನ ರೂಮಿಗೆ ಒಯ್ದಿದ್ದ ಎಂದು ಮುನಿಕೃಷ್ಣ ಹೇಳಿದ್ದ. ಇಬ್ಬರ ಮಾತಿನ ನಡುವೆ ತೂಕ ಹಾಕಿದ್ದು ಒಂದು ಸರ್ಟಿಫಿಕೇಟು. ಸೋಮವಾರ, ಸಂಜೆ ಐದು ನಲವತ್ತು, ತಂದವರ ಮೊಬೈಲು ಬಸಲಿಂಗನದು, ಪರೀಕ್ಷಿಸಿದವರು ನೀಲಾಂಬಿಕಾ.

ಆ ಸಂಜೆ ಆ ಕಾರು ಅವಳ ಬೂತಿಗೆ ಬಂದೇ ಇರಲಿಲ್ಲ.

ವಾಟ್ಸಾಪಿನಲ್ಲಿ ಹೆಸರು ಕಾಣದ ಒಂದು ನಂಬರಿನಿಂದ ಕಾರಿನ ನಂಬರ್ ಪ್ಲೇಟಿನ ಫೋಟೋ ಬಂದಿತ್ತು. 'ಮುನಿಕೃಷ್ಣ ಸಾರ್ ಗಾಡಿ, ಡ್ರೈವರ್ ನಂಬರ್ ಹಾಕಿ' ಎಂದು ಕೆಳಗೆ ಬರೆದಿತ್ತು, ಬಸಲಿಂಗನ ನಂಬರೂ ಇತ್ತು. ಪರಿಚಯದವರ ಕೆಲಸ. ಫೋಟೋವನ್ನು ಹಿಗ್ಗಿಸಿ ಬೂತಿನ ಕ್ಯಾಮೆರಾಕ್ಕೆ ತೋರಿಸಿ, ಕೊಳವೆಯನ್ನು ಪಕ್ಕದಲ್ಲಿ ನಿಂತಿದ್ದ ಬೇರೆ ಯಾರದೋ ಕಾರಿಗೆ ಸಿಕ್ಕಿಸಿ, ಸರ್ಟಿಫಿಕೇಟು ತೆಗೆದುಬಿಟ್ಟಿದ್ದಳು. ಹದಿನಾರು ವರ್ಷದಲ್ಲಿ ಹಾಗೆ ಮಾಡಿದ್ದು ಅದೇ ಮೊದಲಲ್ಲ. ಪೊಲೀಸಿನವನು ಬಂದು "ಗಾಡಿ ಬಂದಿತ್ತಲ್ವಾ?" ಎಂದಾಗ ತಲೆಯಾಡಿಸಿದ್ದೊಂದೇ ಹೊಸದು.

ಆ ತಲೆಯಾಡಿಸಿದ್ದಕ್ಕೆ ಬಸಲಿಂಗನಿಗೆ ಒಂದು ಸಲ ಬೇಲು ತಪ್ಪಿತ್ತು. ಮುಂದಿನ ವಿಚಾರಣೆ ಮಂಗಳವಾರ.

*

ವೆಂಕಟರಮಣಪ್ಪನ ಶೆಡ್ಡು ನೆಲಗೆದರನಹಳ್ಳಿ ರಸ್ತೆಯಲ್ಲಿ, ಒಂದು ಲೇತ್ ಅಂಗಡಿಗೂ ಒಂದು ಪ್ಲೇಟಿಂಗ್ ಘಟಕಕ್ಕೂ ನಡುವೆ. ಎಡಗಡೆಯಿಂದ ಕಬ್ಬಿಣ ಹೆರೆಯುವ ಸದ್ದು, ಬಲಗಡೆಯಿಂದ ಆಸಿಡ್ಡಿನ ಘಾಟು. ಅರವತ್ತೆಂಟರ ಮುದುಕ ಕನ್ನಡಕವನ್ನು ದಾರದಿಂದ ಕಿವಿಗೆ ಕಟ್ಟಿಕೊಂಡು ಬಾನೆಟ್ಟಿನ ಮೇಲೆ ಬಗ್ಗಿದ್ದ.

"ಮುಟ್ಬೇಡ, ಮೊದ್ಲು ಇದ್ನ ನೋಡು." ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದ. ಎಣ್ಣೆ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ.

ನೀಲಾಂಬಿಕಾ ನೆಲಕ್ಕೆ ಕೂತು ಕಾರಿನ ತಳ ನೋಡಿದಳು. ಒಣಗಿತ್ತು. ನಿಂತ ಜಾಗದಲ್ಲಿ ಒಂದು ತೊಟ್ಟಿನ ಕಲೆಯೂ ಇರಲಿಲ್ಲ.

"ಸೋರಿಲ್ಲ."

"ಸೋರದೆ ಓದ ಎಣ್ಣೆ ಎಲ್ಲೋಯ್ತು? ಉರಿದೇ ಓಗ್ಬೇಕು. ಯಾವಾಗ ಉರೀತದೆ ಅನ್ನೋದೇ ಪ್ರಶ್ನೆ."

ಅವಳು ಕಾರಿನ ಹಿಂದಕ್ಕೆ ಬಂದು ಮೊಬೈಲಿನ ಕ್ಯಾಮೆರಾ ಆನ್ ಮಾಡಿದಳು. ವೆಂಕಟರಮಣಪ್ಪ ಕೀ ತಿರುಗಿಸಿದ.

ಇಂಜಿನ್ನು ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಕೊಳವೆಯ ಬಾಯಿಂದ ಹೊಗೆ ದಪ್ಪಗೆ ಉರುಳಿ ಬಂತು. ಅವಳು ಕಣ್ಣು ಕಿರಿದು ಮಾಡಿದಳು. ಪೆಟ್ರೋಲು ಹೆಚ್ಚಾಗಿ ಉರಿದರೆ ಹೊಗೆ ಕಪ್ಪು. ನೀರು ಒಳಗೆ ಹೋಗಿದ್ದರೆ ಬಿಳಿ. ಇದು ಅಗರಬತ್ತಿಯ ಹೊಗೆಯ ನೀಲಿ. ಅಂಗೈ ಒಡ್ಡಿ ಮೂಸಿದಳು. ಸುಟ್ಟ ಎಣ್ಣೆ.

ಸರ್ವಿಸ್ ರಸ್ತೆಯಲ್ಲಿ ಬೋಂಡ ಕರಿಯುವ ಮುತ್ತಣ್ಣ ಪೊಲೀಸರಿಗೆ ಹೇಳಿದ್ದೂ ಅದನ್ನೇ. ಗಾಡಿ ಕೆಂಪು ಅಂತ ಬಿಟ್ಟರೆ ಅವನು ಏನನ್ನೂ ನೋಡಿರಲಿಲ್ಲ. ಆದರೆ 'ಬಾಣಲೆ ಎಣ್ಣೆ ಹೊತ್ತಿದ ವಾಸನೆ ಬಂತು ಸಾರ್, ನನ್ನ ಒಲೆಯೇನೋ ಅಂತ ತಿರುಗಿದೆ, ನೋಡಿದ್ರೆ ನೀಲಿ ಹೊಗೆ' ಎಂದಿದ್ದ. ನಲ್ಲಪ್ಪ ಬಿದ್ದದ್ದು ಅವನ ಬೋಂಡದ ಗಾಡಿಯಿಂದ ಹತ್ತು ಮಾರು ದೂರ.

ಒಂದು ನಿಮಿಷ. ಹೊಗೆ ತೆಳ್ಳಗಾಯಿತು. ಎರಡು ನಿಮಿಷಕ್ಕೆ ಹತ್ತು ಸೆಕೆಂಡು ಇರುವಾಗ ಪೂರ್ತಿ ನಿಂತಿತು.

"ನಿಂತೋಯ್ತು," ಎಂದಳು.

"ಈಗ ಓಡ್ಸಿ ನೋಡಣ. ನೀನು ಸ್ಕೂಟ್ರಲ್ಲಿ ಹಿಂದೆ ಬಾ. ಕಣ್ಣು ಕೊಳವೆ ಮೇಲೇ ಇರ್ಲಿ, ಗುಂಡಿ ಬಂದ್ರೆ ದೇವ್ರು ನೋಡ್ಕೋತಾನೆ."

ಮೆಟ್ರೋ ಕಂಬಗಳ ಪಕ್ಕದ ಏರಿನಲ್ಲಿ ಅವನು ಗಾಡಿಯನ್ನು ಜಗ್ಗಿಸಿ ಎಳೆದ. ಹೊಗೆಯಿಲ್ಲ. ಮೇಲೇರಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಸಿದ. ಹೊಗೆಯಿಲ್ಲ. ಮತ್ತೊಮ್ಮೆ ಏರಿಸಿದ. ಕೊಳವೆಯ ಬಾಯಿ ತೊಳೆದಿಟ್ಟಷ್ಟು ಸ್ವಚ್ಛ.

ಶೆಡ್ಡಿಗೆ ಹಿಂದಿರುಗಿ ಅವನು ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಿಗೆ ಒಂದೊಂದಾಗಿ ಒತ್ತಡದ ಗಡಿಯಾರ ಸಿಕ್ಕಿಸಿದ. ನೀಲಾಂಬಿಕಾ ಕೀ ತಿರುಗಿಸುತ್ತ ಹೋದಳು. ನಾಲ್ಕೂ ಕಡೆ ಮುಳ್ಳು ನೂರೈವತ್ತರ ಆಸುಪಾಸಿಗೆ ನಿಂತಿತು. ಪ್ರತಿ ತೂತಿಗೂ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದ. ಮುಳ್ಳು ಹೆಚ್ಚು ಕಡಿಮೆ ಅಲ್ಲೇ.

"ರಿಂಗು ಸವೆದಿದ್ರೆ ಎಣ್ಣೆ ಬಿಟ್ಟ ತಕ್ಷಣ ಮುಳ್ಳು ಮೇಲಕ್ಕೆ ನೆಗೀಬೇಕು. ಎಣ್ಣೆ ಸಂದಿ ಮುಚ್ತದಲ್ಲ. ಇದು ನೆಗೀಲಿಲ್ಲ. ರಿಂಗು ಚೆಂದಾಗವೆ." ಅವನು ಕೈ ಒರೆಸಿಕೊಂಡ. "ಕೆಟ್ಟಿರೋದು ಮೇಲಿನ ವಾಲ್ವಿನ ರಬ್ಬರ್ ಸೀಲು. ನಲ್ಲಿ ವಾಷರ್ ಗಟ್ಟಿಯಾದಂಗೆ ಗಟ್ಟಿಯಾಗವೆ. ಗಾಡಿ ನಿಂತಿದ್ದಾಗ ಎಣ್ಣೆ ತೊಟ್ತೊಟ್ಟಾಗಿ ಕೆಳಕ್ಕೆ ಇಳೀತದೆ. ಗಂಟೆಗಟ್ಟಲೆ ನಿಂತು ಸ್ಟಾರ್ಟ್ ಆದ್ರೆ, ಇಳಿದಿದ್ದು ಉರಿದು ಬುಸ್ಸಂತದೆ. ಎರಡ್ ನಿಮಿಷ. ಆಮೇಲಿಲ್ಲ."

ನೀಲಾಂಬಿಕಾ ಎದ್ದು ನಿಂತಳು. ತಲೆಯೊಳಗೆ ಒಂದು ರಸ್ತೆ ಬಿಚ್ಚಿಕೊಳ್ಳುತ್ತಿತ್ತು.

"ವೆಂಕಟರಮಣಪ್ಪಾರೆ, ಲಗ್ಗೆರೆಯಿಂದ ಸರ್ವಿಸ್ ರೋಡಿಗೆ ಎಷ್ಟೊತ್ತು?"

"ಬೆಳಿಗ್ಗೆ ಆರಕ್ಕಾ? ಅನ್ನೆರಡು ನಿಮಿಷ."

"ಅಲ್ಲಿಂದ ಬಂದಿದ್ರೆ ಹೊಗೆ ಅಲ್ಲೇ ಬಸಲಿಂಗನ ಬೀದೀಲೇ ಮುಗಿದುಹೋಗ್ತಿತ್ತು. ಮುತ್ತಣ್ಣಂಗೆ ವಾಸನೆ ಬರ್ತಿರ್ಲಿಲ್ಲ."

"ಊಂ."

"ರಸ್ತೇಲೇ ನಿಂತಿತ್ತು ಅನ್ನೋ ಹಾಗಿಲ್ಲ. ಮುತ್ತಣ್ಣ ಐದಕ್ಕೆಲ್ಲಾ ಒಲೆ ಹಚ್ತಾನೆ, ಯಾವ ಗಾಡೀನೂ ನಿಂತಿರ್ಲಿಲ್ಲ ಅಂದಿದ್ದಾನೆ. ಗಾಡಿ ಅಲ್ಲೇ ಹತ್ರದಲ್ಲಿ ರಾತ್ರಿಯೆಲ್ಲಾ ನಿಂತು, ಆಗ ತಾನೇ ಸ್ಟಾರ್ಟ್ ಆಗಿದ್ದು."

"ಅತ್ರ ಅಂದ್ರೆ ಅಲ್ಲಿರೋದು ಒಂದೇ ಗೇಟು." ಮುದುಕ ಹೆಸರು ಹೇಳಲಿಲ್ಲ. ಮುನಿಕೃಷ್ಣನ ಯಾರ್ಡಿನ ಗೇಟು ಆ ಬೋಂಡದ ಗಾಡಿಗೆ ಎದುರುಬದುರು ಎಂಬುದು ಪೀಣ್ಯಕ್ಕೆಲ್ಲ ಗೊತ್ತು. ಕನ್ನಡಕ ಸರಿಮಾಡಿಕೊಂಡು ಕೇಳಿದ: "ನೀನು ಸರ್ಟಿಪಿಕೇಟ್ ಕೊಟ್ಟಾಗ ಅಳೇದು ಮುಗಿದಿತ್ತಾ?"

"ಇಲ್ಲ. ಇನ್ನೂ ಎರಡು ತಿಂಗಳಿತ್ತು."

"ಮತ್ತೆ ಒಸದು ಯಾಕೆ ಬೇಕಾಯ್ತು?"

ಅದನ್ನು ಅವಳು ಅಂದು ಕಂಪ್ಯೂಟರಿನಲ್ಲಿ ಕಂಡಿದ್ದಳು. ದೊಡ್ಡವರಿಗೆ ಜ್ಞಾಪಕವಿರುವುದಿಲ್ಲ ಎಂದುಕೊಂಡು ಸುಮ್ಮನಾಗಿದ್ದಳು. ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಶೆಡ್ಡಿನ ಬಾಗಿಲಿನ ಬೆಳಕು ಮರೆಯಾಯಿತು.

*

ಮುನಿಕೃಷ್ಣ ಇಸ್ತ್ರಿ ಮುರಿಯದ ಬಿಳಿ ಷರ್ಟಿನಲ್ಲಿದ್ದ. ಈ ಭೂಮಿಯಲ್ಲಿ ಕಾರ್ಖಾನೆಗಳಿಗೆ ಮುಂಚೆ ಅವನ ಅಜ್ಜ ಹುರುಳಿ ಬೆಳೆದಿದ್ದ. ಆ ಹಕ್ಕಿನ ನಡಿಗೆ ಅವನದು. ಎಲ್ಲಿಗೂ ಕೇಳದೆ ಒಳಗೆ ಬರುತ್ತಿದ್ದ.

"ಏನ್ ವೆಂಕಟರಮಣಪ್ಪ, ಬಿಚ್ಚಪ್ಪಾ ಅಂದ್ರೆ ನಾಡಿ ಹಿಡ್ಕೊಂಡು ಕೂತಿದ್ದೀಯಾ?"

"ಕಾಯಿಲೆ ಏನಂತ ನೋಡ್ದೆ ಒಟ್ಟೆ ಕುಯ್ಯಕ್ಕಾಗ್ತದಾ ಸಾಮಿ?"

"ಕಾಯಿಲೆ ನಾನೇ ಹೇಳಿದ್ನಲ್ಲ. ರಿಂಗು ಹೋಗಿದೆ. ಯಾವಾಗ್ಲೂ ಹೊಗೆ ಉಗುಳುತ್ತೆ."

"ಯಾವಾಗ್ಲೂ ಉಗುಳಲ್ಲ. ರಿಂಗೂ ಓಗಿಲ್ಲ."

ಮುನಿಕೃಷ್ಣನ ಕಣ್ಣು ಇಂಜಿನ್ನಿನ ತೂತಿನಲ್ಲಿ ಸಿಕ್ಕಿದ್ದ ಗಡಿಯಾರಕ್ಕೆ ಹೋಯಿತು. ಅಲ್ಲಿಂದ ನೀಲಾಂಬಿಕಾಳ ಕೈಯ ಮೊಬೈಲಿಗೆ ಬಂತು.

"ಓ, ನೀಲಕ್ಕ. ಬೂತಿಗೆ ಬೀಗ ನೋಡ್ದೆ. ಯಾಕೋ ಅಂದ್ಕೊಂಡೆ. ಇಲ್ಲಿ ಡಿಪ್ಯುಟೇಷನ್ನಾ?"

"ಹೊಗೆ ನೋಡಕ್ಕೆ ಕರೆದ್ರು, ಬಂದೆ."

"ನೋಡಿದ್ದಾಗಿದೆಯಲ್ಲ ನೀವು. ಮೂರು ತಿಂಗಳ ಹಿಂದೇನೇ. ಪಾಸ್ ಅಂತ ಬರೆದುಕೊಟ್ಟಿದ್ದೀರ. ಕೋರ್ಟಲ್ಲಿದೆ ಅದು." ಅವನು ನಗುತ್ತಲೇ ಇದ್ದ. "ಒಂದೇ ಗಾಡೀನ ಎಷ್ಟು ಸಲ ನೋಡ್ತೀರ?"

ಮುದುಕ ಬೇಕೆಂದೇ ಸ್ಪ್ಯಾನರು ಹುಡುಕುವವನಂತೆ ಆಚೆ ಸರಿದ. ಮುನಿಕೃಷ್ಣ ದನಿ ತಗ್ಗಿಸಿದ.

"ಅಕ್ಕ, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ. ಆ ಪೇಪರು ಸುಳ್ಳು ಅಂತಾದ್ರೆ ಮೊದಲು ಒಳಗೆ ಹೋಗೋರು ಯಾರು? ನಾನಲ್ಲ. ಲೈಸೆನ್ಸು ಹೋಗುತ್ತೆ, ಬೂತು ಹೋಗುತ್ತೆ. ಪೊಲೀಸರ ಮುಂದೆ ಸುಳ್ಳು ಹೇಳಿದ್ದು ಬೇರೆ. ಯಾವನೋ ಡ್ರೈವರಿಗೋಸ್ಕರ ಇದೆಲ್ಲಾ ಬೇಕಾ?"

ಅವನು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಹನ್ನೊಂದು ವಾರಗಳಿಂದ ಅವಳು ತನಗೆ ತಾನೇ ಹೇಳಿಕೊಂಡದ್ದೂ ಇದೇ ಮಾತುಗಳನ್ನು. ಬಸಲಿಂಗ ಜೈಲಿಗೆ ಹೋದ ಎರಡನೇ ವಾರ ನ್ಯಾಯಾಧೀಶರಿಗೆ ಎಲ್ಲವನ್ನೂ ಬರೆದು ಲಕೋಟೆಗೆ ಹಾಕಿದ್ದಳು. ಆ ಲಕೋಟೆ ಅಂದಿನಿಂದ ಅವಳ ಬ್ಯಾಗಿನಲ್ಲೇ ಇತ್ತು. ಮೂಲೆಗಳು ಮೆತ್ತಗಾಗಿ ಬಟ್ಟೆಯ ಹಾಗಾಗಿದ್ದವು.

ಅವನ ಬಾಯಲ್ಲಿ ಕೇಳಿದಾಗ ಮಾತ್ರ ಅವು ಬೇರೆ ಥರ ಕೇಳಿಸಿದವು.

"ಒಂದು ಕೇಳ್ಲಾ?" ಎಂದಳು. "ಅವತ್ತು ನಂಗೆ ಫೋಟೋ ಕಳಿಸಿದ್ದು ಯಾರು?"

"ಇನ್ಯಾರು ಕಳಿಸ್ತಾರೆ? ಬಸಲಿಂಗ."

"ಬಸಲಿಂಗ ಗಾಡಿ ತಗೊಂಡು ಬೂತಿಗೆ ಬಂದಿದ್ದ ಅಂತ ಪೊಲೀಸರಿಗೆ ಬರೆದುಕೊಟ್ಟಿದ್ದೀರ ನೀವು."

"ಹೂಂ, ಮತ್ತೆ?"

"ಗಾಡಿ ತಂದವನು ಫೋಟೋ ಯಾಕೆ ಕಳಿಸ್ತಾನೆ ಸಾರ್? ಫೋಟೋ ವಿಷಯ ನಾನು ಯಾರಿಗೂ ಹೇಳಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ಮುನಿಕೃಷ್ಣನ ಬೆರಳಿನಲ್ಲಿ ಗಿರಗಿರ ತಿರುಗುತ್ತಿದ್ದ ಕೀ ಗೊಂಚಲು ಅಂಗೈಯೊಳಗೆ ಸೇರಿಕೊಂಡಿತು. ಅವನು ಸಿಟ್ಟು ಮಾಡಿಕೊಳ್ಳಲಿಲ್ಲ. ಅವಳನ್ನು ಮೊದಲ ಸಲ ಸರಿಯಾಗಿ ನೋಡುವವನಂತೆ ನೋಡಿದ.

"ಮಾತಿಗೆ ಮಾತು ಬಂತು, ಅಂದೆ," ಎಂದ. ಆಮೇಲೆ ಮುದುಕನ ಕಡೆ ತಿರುಗಿ, "ನೀನು ಮುಟ್ಬೇಡಪ್ಪ. ಹನ್ನೆರಡಕ್ಕೆ ಟೋ ಗಾಡಿ ಬರುತ್ತೆ. ಸರ್ಜಾಪುರದಲ್ಲಿ ನಮ್ಮೋರ ಗ್ಯಾರೇಜಿದೆ, ಅಲ್ಲಿ ಬಿಚ್ಚಿಸ್ಕೋತೀನಿ," ಎಂದು ಹೊರಟುಹೋದ.

ವೆಂಕಟರಮಣಪ್ಪ ಬಿಡಿಭಾಗದ ಡಬ್ಬಿಯೊಂದನ್ನು ಹರಿದು, ಅದರ ಒಳಬದಿಯಲ್ಲಿ ನಾಲ್ಕು ತೂತುಗಳ ಅಳತೆ, ಎಣ್ಣೆ ಬಿಡುವ ಮೊದಲು ಮತ್ತು ನಂತರ, ದಿನಾಂಕ, ಹೊಗೆ ನಿಂತ ಸಮಯ, ಎಲ್ಲವನ್ನೂ ಗುಂಡಗಿನ ಅಕ್ಷರದಲ್ಲಿ ಬರೆದು ಸಹಿ ಹಾಕಿದ.

"ಮದ್ಯಾನದ ಮೇಲೆ ಈ ಇಂಜಿನ್ನು ಏನೂ ಬಾಯ್ಬಿಡಲ್ಲ," ಎಂದ. "ಇದು ಬಾಯ್ಬಿಡ್ತದೆ. ತಗೊಂಡೋಗು."

*

ಬಸಲಿಂಗನ ಹೆಂಡತಿ ಸವಿತಾ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುತ್ತಿದ್ದಳು. ಪ್ರತಿ ಶನಿವಾರ ಕೆಲಸ ಬಿಟ್ಟ ಮೇಲೆ ಬೂತಿನ ಮುಂದೆ ಬಂದು ಹತ್ತು ನಿಮಿಷ ನಿಲ್ಲುತ್ತಿದ್ದಳು. "ಆರಾಮಿದ್ದೀರಿಲ್ರಿ ಅಕ್ಕಾರ?" ಎನ್ನುತ್ತಿದ್ದಳು, ಬೇರೇನೂ ಕೇಳದೆ ಹೋಗುತ್ತಿದ್ದಳು. ಆ ಹತ್ತು ನಿಮಿಷಗಳಿಗೆ ನೀಲಾಂಬಿಕಾ ವಾರವಿಡೀ ಹೆದರುತ್ತಿದ್ದಳು.

ಇಂದು ತಾನೇ ಫೋನು ಮಾಡಿ ಅಂಚೆ ಕಚೇರಿಗೆ ಬರಹೇಳಿದಳು. ಸವಿತಾ ಅರ್ಧ ದಿನ ರಜೆ ಕೇಳಿಕೊಂಡು, ಕೊರಳಲ್ಲಿ ಅಳತೆ ಪಟ್ಟಿ ಹಾಗೇ ಇಟ್ಟುಕೊಂಡು ಬಂದಿದ್ದಳು. ನೀಲಾಂಬಿಕಾ ಗೋಡೆಯ ಬದಿಯ ಬೆಂಚಿನಲ್ಲಿ ಕೂರಿಸಿ, ಬ್ಯಾಗಿನ ಲಕೋಟೆಯಿಂದ ಕಾಗದವನ್ನು ತೆಗೆದು ಬಿಡಿಸಿ ಅವಳ ಕೈಗಿತ್ತಳು.

ಸವಿತಾ ಬೆರಳಿಟ್ಟು ಓದಿದಳು. ಎರಡು ಪುಟ. ಓದಿ ಮುಗಿದ ಮೇಲೂ ಬೆರಳು ಕೊನೆಯ ಸಾಲಿನ ಮೇಲೇ ಇತ್ತು.

"ಬೈಯಿ," ಎಂದಳು ನೀಲಾಂಬಿಕಾ.

"ಏನಂತ ಬೈಲ್ರಿ? ನಮ್ಮವ್ರು ಮೊದಲ ದಿನಾನ ಹೇಳಿದ್ರು, ನಾ ಆ ಬೂತಿಗೆ ಹೋಗೇ ಇಲ್ಲ ಅಂತ. ನಂಗ ಗೊತ್ತಿತ್ತು. ನೀವಾಗೇ ಹೇಳ್ತೀರೇನೋ ಅಂತ ವಾರಾ ವಾರಾ ಬಂದು ನಿಲ್ತಿದ್ನಿ." ಕಾಗದವನ್ನು ಮಡಿಕೆ ಕೆಡದಂತೆ ಮಡಚಿದಳು. "ಭಾಳ ತಡಾ ಮಾಡಿದ್ರಿ ಅಕ್ಕಾರ."

ನೀಲಾಂಬಿಕಾಗೆ ಆ ಮಾತು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು. ಸುಮ್ಮನಿರಲಾರದೆ ಮೊಬೈಲು ತೆಗೆದು, ಅಂದಿನ ಫೋಟೋ ತೋರಿಸಿದಳು. "ಇದು ಬಸಲಿಂಗನ ನಂಬರಲ್ಲ. ಮುನಿಕೃಷ್ಣನ ಆಫೀಸಿನದು ಅಂದ್ಕೊಂಡಿದ್ದೆ. ಹೆದರ್ಕೊಂಡು ಯಾವತ್ತೂ ಫೋನ್ ಮಾಡ್ಲಿಲ್ಲ. ನಿಂಗೇನಾದ್ರೂ ಗೊತ್ತಾ?"

ಸವಿತಾ ತನ್ನ ಮೊಬೈಲಿನಲ್ಲಿ ಅಂಕಿಗಳನ್ನು ಒತ್ತುತ್ತ ಹೋದಳು. ಏಳನೆಯ ಅಂಕಿಗೇ ಒಂದು ಹೆಸರು ಮೂಡಿತು. ಅವಳು ಮೊಬೈಲನ್ನು ತಿರುಗಿಸಿ ಹಿಡಿದಳು.

ನಲ್ಲಪ್ಪ ಮಾಮಾ, ವಾಚ್‌ಮನ್.

"ನಮ್ಮವ್ರ ಫೋನ್ ಹತ್ತಲಿಲ್ಲಂದ್ರ ಇವ್ರಿಗೇ ಮಾಡ್ತಿದ್ನಿ," ಎಂದಳು ಸವಿತಾ ಮೆಲ್ಲಗೆ. "ಸತ್ತವ್ರು ಕಳಿಸ್ಯಾರೇನ್ರಿ ಇದನ್ನ?"

"ಸಾಯೋಕೆ ಹಿಂದಿನ ಸಂಜೆ."

ಮುನಿಕೃಷ್ಣ ಅಪಘಾತ ಮಾಡಿ, ಹೆದರಿ, ಆಮೇಲೆ ಸಿಕ್ಕಿದ ಸರ್ಟಿಫಿಕೇಟಿನ ಹಿಂದೆ ಅಡಗಿಕೊಂಡ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಆದರೆ ಎರಡು ತಿಂಗಳು ಬಾಕಿಯಿದ್ದ ಸರ್ಟಿಫಿಕೇಟನ್ನು ಸಾವಿಗೆ ಹನ್ನೆರಡು ಗಂಟೆ ಮೊದಲು, ಬಸಲಿಂಗನ ಹೆಸರಿಗೆ ಅಂಟುವಂತೆ ಮಾಡಿಸಿದ್ದರು. ಕಾರು ಯಾರ್ಡಿನಲ್ಲೇ ಇತ್ತೆಂದು ಹೇಳಬಲ್ಲವನು ನಲ್ಲಪ್ಪ. ಅವನ ಕೈಯಿಂದಲೇ ಫೋಟೋ ತೆಗೆಸಿದ್ದರು. ಬೆಳಗಾಗುವಷ್ಟರಲ್ಲಿ ಅದೇ ಕಾರು ಅವನ ಮೇಲೆ ಹರಿದಿತ್ತು.

ಇದು ಅಪಘಾತವೇ ಅಲ್ಲ.

ಅವಳು ಮೇಜಿನ ಮೇಲಿನ ದಾರ ಕಟ್ಟಿದ ಪೆನ್ನು ಎಳೆದುಕೊಂಡು ಕಾಗದದ ಕೆಳಗೆ ನಾಲ್ಕು ಸಾಲು ಸೇರಿಸಿದಳು. ಡಬ್ಬಿಯ ತುಂಡನ್ನೂ ಒಳಗಿಟ್ಟು ಅಂಟು ಒತ್ತಿದಳು.

"ಅವ್ರ ಫೋನ್ ಸಿಕ್ಕೇ ಇಲ್ಲಂತ್ರಿ ಪೊಲೀಸ್ರಿಗೆ," ಎನ್ನುತ್ತಿದ್ದ ಸವಿತಾ ಅರ್ಧಕ್ಕೇ ನಿಂತಳು. ನೀಲಾಂಬಿಕಾಳ ಮೊಬೈಲು ಅವಳ ತೊಡೆಯ ಮೇಲಿತ್ತು, ನಲ್ಲಪ್ಪನ ನಂಬರಿನಿಂದ ಫೋಟೋ ಬಂದಿದ್ದ ವಾಟ್ಸಾಪು ತೆರೆದೇ ಇತ್ತು. "ಅಕ್ಕಾರ, ಇಲ್ನೋಡ್ರಿ."

ನಂಬರಿನ ಕೆಳಗೆ, ಇಷ್ಟು ಹೊತ್ತು ಖಾಲಿಯಿದ್ದ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಪದ ಮೂಡಿತ್ತು. ಆನ್‌ಲೈನ್.

ಇಬ್ಬರೂ ನೋಡುತ್ತಲೇ ಇದ್ದರು. ಅದು ಹೋಗಲಿಲ್ಲ. ಆ ಕಡೆ ಯಾರೋ ಸತ್ತವನ ಫೋನನ್ನು ಕೈಯಲ್ಲಿ ಹಿಡಿದು ಕೂತಿದ್ದರು.

"ಮೇಡಂ, ಸ್ಪೀಡ್ ಪೋಸ್ಟಾ?" ಕಿಂಡಿಯೊಳಗಿನ ಹೆಂಗಸು ಕರೆದಳು. "ಕೊಡೋದಾದ್ರೆ ಕೊಡಿ, ಕೌಂಟರ್ ಮುಚ್ಚೋ ಹೊತ್ತು."

ನೀಲಾಂಬಿಕಾ ಎದ್ದಳು. ಲಕೋಟೆಯನ್ನು ಕಿಂಡಿಯೊಳಗೆ ತಳ್ಳಿದಳು.

"ಮಂಗಳವಾರದೊಳಗೆ ಕೋರ್ಟಿಗೆ ಸೇರುತ್ತಾ?"

"ಸೋಮವಾರಾನೇ ಸೇರುತ್ತೆ." ಹೆಂಗಸು ಲಕೋಟೆ ತಿರುಗಿಸಿ ನೋಡಿದಳು. "ಕಳಿಸೋರ ಹೆಸರೇ ಬರೆದಿಲ್ಲ. ಯಾರು ಅಂತ ಹಾಕ್ಲಿ?"

ಬಾಗಿಲ ಬಳಿ ಯಾರೋ ಬಂದು ನಿಂತ ನೆರಳು ಬಿತ್ತು. ನೀಲಾಂಬಿಕಾ ತಿರುಗಿ ನೋಡಲಿಲ್ಲ.

"ನೀಲಾಂಬಿಕಾ," ಎಂದಳು, ಕಚೇರಿಗೆಲ್ಲ ಕೇಳಿಸುವ ಹಾಗೆ. "ಎಮಿಷನ್ ಬೂತು, ಪೀಣ್ಯ ಎರಡನೇ ಹಂತ."

ಹೆಂಗಸು ಅಕ್ಷರ ಅಕ್ಷರವಾಗಿ ಕುಟ್ಟಿ, ಚೀಟಿ ಅಂಟಿಸಿ, ಮುದ್ರೆ ಒತ್ತಿ, ಲಕೋಟೆಯನ್ನು ಹಿಂದಿನ ಚೀಲದೊಳಕ್ಕೆ ಎಸೆದಳು.